ಮಾತ್ರೆ ಬಿಟ್ಟವರಿಗೆ

ರೀ,

ಇವತ್ತು ಬೆಳಿಗ್ಗೆ ಸರಗೂರಿನ ಯೋಗದ ಕ್ಲಾಸಲ್ಲಿ ಎಲ್ಲರ ಮುಂದೆ ಕೂಗಾಡಿಬಿಟ್ಟೆ. ಎಲ್ಲಾ ನಿಮ್ಮಿಂದಲೇ ಕಣ್ರೀ.

ನನಗೂ ಬಿಪಿ ಬಂದಿದೆ. ಡಾಕ್ಟರು ಮಾತ್ರೆ ಕೊಟ್ಟು, ಜೊತೆಗೆ ಪ್ರಾಣಾಯಾಮನೂ ಮಾಡಮ್ಮ ಅಂದರು. ನೀವು ಹೋಗ್ತಿದ್ದ ಕ್ಲಾಸಿಗೇ ಸೇರಿದೀನಿ. ನಿಧಾನಕ್ಕೆ ಉಸಿರು ಬಿಟ್ಟರೆ ಎದೆ ಹಗುರಾಗುತ್ತೆ, ಅದು ಸುಳ್ಳಲ್ಲ.

ಕ್ಲಾಸು ಮುಗೀತಿದ್ದಂಗೆ ಪಕ್ಕದಲ್ಲಿದ್ದ ಮಾದೇಶ, "ನನ್ ಬಿಪಿ ಇಳಿದೈತೆ ಕಣಕ್ಕ, ಮಾತ್ರೆ ಬುಟ್ಬುಟ್ಟೆ," ಅಂತ ನಕ್ಕ. ಥೇಟ್ ನಿಮ್ಮ ಮಾತು, ನಿಮ್ಮದೇ ನಗು. ನೀವೂ ಡಾಕ್ಟರನ್ನ ಒಂದು ಮಾತು ಕೇಳದೆ ಮಾತ್ರೆ ಬಿಟ್ಟಿರಿ. ಹೊಗೆಸೊಪ್ಪಿನ ಹೊಲದಲ್ಲಿ ಬಾಯಿ ಸೊಟ್ಟಗಾಗಿ ಬಿದ್ದವರು ಆಸ್ಪತ್ರೆ ಮುಟ್ಟೋದ್ರೊಳಗೆ ಹೋಗೇಬಿಟ್ಟಿರಿ. ನನ್ನ ಹೆಸರು ಕೂಡ ನಿಮ್ಮ ನಾಲಿಗೆಗೆ ಬರಲಿಲ್ಲ.

"ನಿನ್ನ ಹೆಂಡ್ತಿನೂ ನನ್ನಂಗೆ ಆಗ್ಬೇಕೇನ್ಲಾ?" ಅಂತ ಮಾದೇಶನ ಮೇಲೆ ಹಾರಿಬಿದ್ದೆ. ಯೋಗದ ಮೇಷ್ಟ್ರು ಓಡಿಬಂದು, "ಅಕ್ಕ ಹೇಳೋದು ಸರಿ. ಇದನ್ನ ಮಾತ್ರೆ ಜೊತೆಗೆ ಮಾಡ್ಬೇಕು ಕಣಪ್ಪ," ಅಂದರು. ಮಾದೇಶ ತಲೆ ತಗ್ಗಿಸಿ, "ಇವತ್ತೇ ಡಾಕ್ಟ್ರತ್ರ ಓಗ್ತೀನಿ ಬುಡಕ್ಕ," ಅಂದ.

ಒಂದೇ ಸಲಕ್ಕೆ ಕೇಳಿಬಿಟ್ಟ! ಅವತ್ತು ನಿಮಗೂ ಹಿಂಗೇ ಕೂಗಿ ಹೇಳಬೇಕಿತ್ತು ಅನ್ನಿಸಿ ನನಗೆ ಇನ್ನೂ ಸಿಟ್ಟು ಬಂತು.

ನನಗೆ ಅಷ್ಟು ದೊಡ್ಡ ದನಿ ಇದೆ ಅಂತ ಕೊನೇವರೆಗೂ ನಿಮಗೆ ಗೊತ್ತಾಗಲೇ ಇಲ್ಲ.