ಹಳದಿ ಸಾಲುಗಳು

ಜೂನ್ ೩, ಸೋಮವಾರ

ಕೋಡ್ ಜೋಡಿಸಿ ಆ್ಯಪ್ ಕಟ್ಟಲು ಮತ್ತೆ ಬಿಲ್ಡ್ ಕೊಟ್ಟೆ. ಮತ್ತೆ ಪರದೆ ತುಂಬ ಹಳದಿ ವಾರ್ನಿಂಗ್. ‘ಡೆಪ್ರಿಕೇಟೆಡ್. ಹಳೆಯದು, ಬಳಸಬೇಡಿ.’ ಇಲ್ಲಿನ ಮಡ್ಕಯಿ ಊರಿನ ಫ್ಯಾಕ್ಟರಿ ಕೆಲಸಗಾರರಿಗೆ ಬಸ್ಸಿನ ಟೈಮು, ನಿಲ್ಲುವ ಜಾಗ ಮೆಸೇಜ್ ಮಾಡುವ ಆ್ಯಪ್ ನಮ್ಮದು. ಫೋನ್ ನಂಬರಿಗೆ ಹೊಸ ಕಾಲಂ ಮಾಡಿ, ಹಳೆಯದಕ್ಕೆ ‘ಬಳಸಬೇಡಿ’ ಎಂದು ಗುರುತು ಹಾಕಿದವರೂ ನಾವೇ. ಹಾಗಾದರೆ ಬಳಸುತ್ತಿರುವವರು ಯಾರು? ಫೈಲ್ ತೆರೆದರೆ ಟೂಲ್ ತಾನೇ ಬರೆದ ಕೋಡ್. ಕೈಯಿಂದ ತಿದ್ದಿದೆ. ಬಿಲ್ಡ್ ಕೊಟ್ಟೊಡನೆ ಮೊದಲಿನಂತೆಯೇ ಬರೆದುಕೊಂಡಿತು. ತಲೆ ಕೆಟ್ಟಿತು.

ಜೂನ್ ೪

ಟೀಮ್ ಲೀಡ್ ಬಾಲು ಸರ್‌ಗೆ ತೋರಿಸಿದೆ. “ಮಷೀನ್ ಬರದದ್ದಕ್ಕ ನೀ ಯಾಕ ತಲಿ ಕೆಡಿಸ್ಕೊಂತಿ ಬುಶ್ರಾ? ವಾರ್ನಿಂಗ್ ಎಲ್ಲಾ ಬಂದ್ ಮಾಡು.” ಮಾಡಿದೆ. ಪರದೆ ಖಾಲಿ. ಸಮಾಧಾನ ಆಗಬೇಕಿತ್ತು... ಯಾಕೋ ಆಗಲಿಲ್ಲ.

ಜೂನ್ ೯, ಭಾನುವಾರ

ಪಕ್ಕದ ಖೋಲಿಯ ಹುಲಿಗೆಮ್ಮಕ್ಕ ಬಂದಿದ್ದಳು. ಅದೇ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ. ಗಂಡ ಹೀರಪ್ಪನ ಹೊಡೆತ ತಾಳದೆ ಬಿಟ್ಟು ಬಂದವಳು.

“ಬಸ್ಸಿನ ಮೆಸೇಜ್ ನನಗ ಒಂದೂ ಬರವಲ್ದು. ಆದ್ರ ಶಿಫ್ಟ್ ಬದಲಿ ಆದಾಗೆಲ್ಲ ಅಂವ ಸರಿಯಾಗಿ ಸ್ಟಾಪಿನ್ಯಾಗ ನಿಂತಿರ್ತಾನ. ನಿನ್ನಿ ಕೈ ಹಿಡದು ಎಳದಾಡಿದ. ಅಂವಗ ಹೆಂಗ ಗೊತ್ತಾಗ್ತದವ್ವಾ? ನನ್ನ ಜೋಡಿ ಕೆಲ್ಸ ಮಾಡೋ ಭಾಗವ್ವನ ಹೇಳಿರ್ಬೇಕು. ಆಕಿ ಕೂಡ ಮಾತು ಬಿಟ್ಟೇನಿ.”

“ಆಫೀಸಿನ್ಯಾಗ ನಂಬರ್ ಬದಲಿ ಮಾಡ್ಸೀರಿಲ್ಲ?”

“ಮಾಡ್ಸಿ ಭಾಳ ದಿನ ಆತು. ಹಳೇ ಸಿಮ್ಮು ಅವನ ಹತ್ರನ ಉಳದೈತಿ.”

ಹಳೆಯ ನಂಬರು. ಟೂಲ್ ಬರೆದ ಕೋಡ್ ಬಿಟ್ಟರೆ ಅದನ್ನು ಯಾರೂ ಮುಟ್ಟುವುದಿಲ್ಲವಲ್ಲ. ಬಿಟ್ಟರೆ...?

ಜೂನ್ ೧೦

ಟೂಲಿನ ಫೋಲ್ಡರಿಗೆ ಮಾತ್ರ ವಾರ್ನಿಂಗ್ ಬಂದ್ ಇಟ್ಟು ಉಳಿದದ್ದೆಲ್ಲ ಮತ್ತೆ ಆನ್ ಮಾಡಿದೆ. ಒಂದೇ ಒಂದು ಹಳದಿ ಸಾಲು ಉಳಿಯಿತು. ಮೆಸೇಜ್ ಕಳಿಸುವ ಫೈಲಿನಲ್ಲಿ. ಅದು ಮನುಷ್ಯರು ಬರೆದದ್ದು, ಬಾಲು ಸರ್ ಬರೆದದ್ದು. ಮೆಸೇಜ್ ಇನ್ನೂ ಹಳೆಯ ನಂಬರಿಗೇ ಹೋಗುತ್ತಿದೆ. ಮೊದಲೂ ಈ ಸಾಲು ಇತ್ತು. ಆ ರಾಶಿಯಲ್ಲಿ ಕಂಡಿರಲಿಲ್ಲ.

ಸರ್‌ಗೆ ಆ ಸಾಲು ತೋರಿಸಿದೆ. “ಇವತ್ತ ಸರಿ ಮಾಡಿ ಅಪ್‌ಡೇಟ್ ಹಾಕು.” ಆಮೇಲೆ, ಸಣ್ಣ ದನಿಯಲ್ಲಿ — “ಹೊರಗ ಯಾರಿಗೂ ಹೇಳಬ್ಯಾಡ.”

ಯಾರಿಗೂ ಅಂದರೆ... ಅವಳಿಗೂ?

ಜೂನ್ ೧೩

ಹುಲಿಗೆಮ್ಮಕ್ಕನಿಗೆ ಮೆಸೇಜ್ ಬಂತಂತೆ. ಬಸ್ ಬೇರೆ ಕಡೆ ನಿಂತಿತಂತೆ. ಹೀರಪ್ಪ ಅಲ್ಲಿ ಇರಲಿಲ್ಲವಂತೆ. “ಭಾಗವ್ವನ ಕೂಡ ಮಾತು ಬಿಟ್ಟದ್ದು ಚಲೋನ ಆತು ನೋಡು!” ಎಂದು ನಕ್ಕಳು. ನಾನೂ ನಕ್ಕೆ. ಯಾಕೆ ನಕ್ಕೆ?

ಜೂನ್ ೧೪, ಸಂಜೆ

ಹೇಳಿಬಿಟ್ಟೆ. “ಭಾಗವ್ವ ಹೇಳಿಲ್ರಿ. ನಿಮ್ಮ ಮೆಸೇಜ್ ಹಳೇ ನಂಬರಿಗಿ ಹೋಗ್ತಿತ್ತು. ನಮ್ಮ ಆಫೀಸಿಂದ.”

ಚಹಾದ ಲೋಟ ಕೆಳಗಿಟ್ಟಳು. “ಅಂದ್ರ... ನೀವ ಅಂವಗ ಹೇಳ್ತಿದ್ರಿ?”

ಅಲ್ಲ ಅನ್ನಬೇಕೆಂದುಕೊಂಡೆ. ನಾವು ಯಾರೂ ಹೇಳಿರಲಿಲ್ಲ. ಆದರೆ ಹೇಳಿದ್ದು ನಾವೇ.

ಎದ್ದಳು. ಬೈಯುತ್ತಾಳೆ ಅಂದುಕೊಂಡೆ. “ನಡಿ, ಭಾಗವ್ವನ ಮನಿಗಿ. ಆಕಿಗಿ ನೀನ ಹೇಳು. ಆಕಿಗಿ ತೋರ್ಸಾಕ ನನಗ ಮಾರಿ ಇಲ್ಲ.”

ಕೊಡೆ ತರಲು ಹೋಗಿದ್ದಾಳೆ. ಭಾಗವ್ವನಿಗೆ ಎಲ್ಲಿಂದ ಶುರು ಮಾಡಲಿ? ಮಷೀನ್ ಬರೆದದ್ದು ಅನ್ನಲೇ? ಬಾಲು ಸರ್ ಹೆಸರು... ಇಲ್ಲ, ವಾರ್ನಿಂಗ್ ಬಂದ್ ಮಾಡಿದವಳು ನಾನು, ಮೊದಲು ಅದನ್ನೇ...

ಕರೆಯುತ್ತಿದ್ದಾಳೆ —