ಮೀನು ಒಣಗುವ ಹೊತ್ತಿಗೆ ದುಡಿಮೆಯ ಪಾಠ

ಬಡವರ ನೆರವು ಕಚೇರಿಯ ಮಾನ್ಯ ಅಧಿಕಾರಿಗಳೇ,

ತಾವು ತಿಂಗಳಿಗೊಮ್ಮೆ ನಮ್ಮ ಬಂಟಾಯನ್ ದ್ವೀಪದ ಬಡವರನ್ನು ಕೂಡಿಸಿ 'ದುಡಿದು ಬಾಳುವುದು ಹೇಗೆ' ಎಂದು ಪಾಠ ಹೇಳಿಸುತ್ತೀರಿ. ಬಹಳ ಸಂತೋಷ. ಆದರೆ ಆ ಪಾಠವನ್ನು ನಾವು ದುಡಿಯುವ ಹೊತ್ತಿಗೇ ಇಟ್ಟಿದ್ದೀರಲ್ಲ, ನಮ್ಮ ತಕರಾರು ಅದು. ಪಾಠಕ್ಕೆ ಬಂದರೆ ಕೂಲಿ ಖೋತಾ, ಕೂಲಿಗೆ ಹೋದರೆ ನೆರವು ಖೋತಾ. ಪ್ರಾಸವೇನೋ ಕೂಡಿತು, ಸಂಸಾರ ಕೂಡಲಿಲ್ಲ.

ನಮ್ಮಲ್ಲಿ ದೋಣಿ ದಡ ಮುಟ್ಟುವುದು ನಸುಕಿನಲ್ಲಿ. ದಂಗಿಟ್ ಮೀನನ್ನು ಬೆನ್ನ ಕಡೆಯಿಂದ ಸೀಳಿ, ತೊಳೆದು, ಉಪ್ಪುನೀರಿನಲ್ಲಿ ಅದ್ದಿ, ಬಿದಿರ ತಟ್ಟಿಯ ಮೇಲೆ ಹರಡಬೇಕು. ಬೆಳಗಿನ ಬಿಸಿಲು ತಪ್ಪಿದರೆ ಸಂಜೆಗೆ ಅದನ್ನು ಬೆಕ್ಕೂ ಮೂಸುವುದಿಲ್ಲ. ತಮ್ಮ ಸಭೆಯೂ ಅದೇ ಹೊತ್ತಿಗೆ. ಸಭೆ ಗೊತ್ತುಮಾಡಿದ ಮಹನೀಯರು ಒಣಮೀನು ತಿಂದಿರಬಹುದು, ಒಣಗಿಸುವುದನ್ನು ಕಂಡಿರಲಾರರು.

ನನ್ನ ನೆರೆಮನೆಯ ಫ್ಲೋರ್ದೆಲಿಸಾ ಮೀನು ಸೀಳುವುದರಲ್ಲಿ ಗಟ್ಟಿಗಿತ್ತಿ. ಗಂಡನಿಲ್ಲ, ಮಕ್ಕಳಿದ್ದಾರೆ. ಮೊನ್ನೆ ಮೀನಂಗಳದ ಯಜಮಾನ ಆಕೆಗೆ ಕಾಯಂ ಕೆಲಸ ಕೊಡುತ್ತೇನೆಂದ. ಷರತ್ತು ಒಂದೇ: ದೋಣಿ ಬಂದ ದಿನ ತಪ್ಪಿಸುವಂತಿಲ್ಲ. ಅದೇ ವಾರ ತಮ್ಮ ಸಭೆ. ಏನು ಮಾಡಿಯಾಳು? ತನ್ನ ಹೆಸರು ಕರೆದಾಗ ಓಗೊಡಲು ಅತ್ತೆ ಪಾಸಿಂಗ್ ಅಜ್ಜಿಯನ್ನು ಕಳಿಸಿದಳು. ಒಬ್ಬರ ಹಾಜರಿಯನ್ನು ಇನ್ನೊಬ್ಬರು ಕೂಗುವುದು ತಮ್ಮಲ್ಲಿ ಅಪರಾಧ, ನಮ್ಮಲ್ಲಿ ನೆರೆಹೊರೆ ಧರ್ಮ.

ಗ್ರಹಚಾರ ನೋಡಿ, ಅಂದಿನ ಪಾಠ ಕುಟುಂಬ ಯೋಜನೆ! ತಮ್ಮ ಕಚೇರಿಯ ಹೊಸ ಮೇಡಂ ಹಾಜರಿ ಪಟ್ಟಿಯಿಂದ ತಲೆಯೆತ್ತದೆ ಕೇಳಿದರು:

"ಫ್ಲೋರ್ದೆಲಿಸಾ ಅವ್ರೇ, ಇನ್ನೊಂದು ಮಗು ಬೇಕು ಅಂತೇನಾದ್ರೂ ಇದೆಯಾ?"

ಬೊಚ್ಚುಬಾಯಿಯ ಅಜ್ಜಿ ಎದ್ದು ನಿಂತರು. "ನಂದೇನೂ ಅಭ್ಯಂತರ ಇಲ್ಲ ಮೇಡಂ. ನಮ್ಮೋರು ಮಣ್ಣು ಸೇರಿ ಬಾಳ ವರ್ಷ ಆಯ್ತು, ಅವ್ರನ್ನೊಂದು ಮಾತು ಕೇಳಿ ಹೇಳ್ತೀನಿ."

ಸಭೆ ಬಿದ್ದು ಬಿದ್ದು ನಕ್ಕಿತು. ಮೇಡಂ ಕೂಡ ನಕ್ಕರು. ನಕ್ಕವರೇ ಮರುದಿನ ಫ್ಲೋರ್ದೆಲಿಸಾಗೆ ಎಚ್ಚರಿಕೆ ಕಳಿಸಿದರು: ಇನ್ನೊಮ್ಮೆ ಗೈರಾದರೆ ನೆರವು ಬಂದ್.

ಅದು ಬಂದ ಸಂಜೆ ಬೇಲಿಯಾಚೆಯಿಂದ ಫ್ಲೋರ್ದೆಲಿಸಾ ಕೇಳಿದಳು: "ರೊಡೆಲಣ್ಣ, ಕೆಲ್ಸ ಒಪ್ಕೊಂಡ್ರೆ ನೆರವು ಹೋಗತ್ತೆ. ಮಳೆಗಾಲದಲ್ಲಿ ದೋಣಿ ಇಳಿಯಲ್ಲ, ಬಿಸಿಲೂ ಬರಲ್ಲ. ಆಗ ಮಕ್ಕಳ ತಟ್ಟೆಗೆ ಏನು ಹಾಕ್ಲಿ, ನಿನ್ನ ಪ್ರಾಸಾನಾ?"

ಎಲ್ಲದಕ್ಕೂ ಪ್ರಾಸ ಹುಡುಕುವ ನಾನು ಆ ಪ್ರಶ್ನೆಯನ್ನು ಹಾಗೇ ತಮ್ಮ ಮುಂದಿಡಲು ಈ ಪತ್ರಕ್ಕೆ ಕೂತೆ. ತಮಗೆ ಉತ್ತರ ಗೊತ್ತೇ?

ನಮ್ಮ ಬೇಡಿಕೆ ದೊಡ್ಡದಲ್ಲ. ಸಭೆಯನ್ನು ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಇಡಿ. ಇಲ್ಲವೇ ಮಧ್ಯಾಹ್ನ ಮೀನಂಗಳಕ್ಕೇ ಬನ್ನಿ. ಕೂರಲು ತಟ್ಟಿಯಿದೆ, ವಾಸನೆ ಉಚಿತ. ಎರಡೂ ಆಗದಿದ್ದರೆ ಸೂರ್ಯನಿಗೊಂದು ಸುತ್ತೋಲೆ ಹೊರಡಿಸಿ, ಸಭೆಯ ದಿನ ತಡವಾಗಿ ಹುಟ್ಟಲಿ.

ಯಜಮಾನ ಫ್ಲೋರ್ದೆಲಿಸಾಳ ಒಪ್ಪಿಗೆಗೆ ಶನಿವಾರದವರೆಗೆ ಕಾಯುತ್ತಾನೆ. ಅಷ್ಟರೊಳಗೆ ತಮ್ಮಿಂದ ಉತ್ತರ ಬಾರದಿದ್ದರೆ ಆಕೆ ಆ ಕೆಲಸಕ್ಕೆ ಒಲ್ಲೆ ಎನ್ನುತ್ತಾಳೆ, ಮುಂದಿನ ಸಭೆಗೆ ತಪ್ಪದೆ ಬರುತ್ತಾಳೆ. ಆಗ ದಯವಿಟ್ಟು, 'ನೆರವು ಉಂಡವರು ಸೋಮಾರಿಗಳಾಗುತ್ತಾರೆ' ಎಂಬ ತಮ್ಮ ಪಾಠವನ್ನು ಮಾತ್ರ ಅವಳೆದುರು ಮಾಡಿಸಬೇಡಿ.

ಇಂತಿ,
ಸಭೆಯಲ್ಲಿ ಸದಾ ಹಾಜರಿ, ಕೆಲಸ ಮಾತ್ರ ಇಲ್ಲ ರೀ,
ರೊಡೆಲ್ ಮನ್ಸುಯೆತೊ