ಮುಳ್ಳು ಹೊರಳಿದ ಶನಿವಾರ

6 ಫೆಬ್ರವರಿ 1907, ಬುಧವಾರ. ಲೋಫೋಟೆನ್ ದ್ವೀಪದ ತಂತಿ ಕಚೇರಿ

ಬ್ಯಾಟರಿ ಒರೆಸಿದೆ. ಒಲೆ ಹೊತ್ತಿಸಿದೆ. ಊಟಕ್ಕೆ ಬೇಯಿಸಿದ ಮೀನು — ನಿನ್ನೆಯದೇ.

ನಿನ್ನೆ ಆಕಾಶದಲ್ಲಿ ಹಸಿರು ಬೆಳಕು ಕುಣಿಯುವಾಗ ಯಂತ್ರ ತಾನಾಗಿ ಕಟಕಟ ಎಂದಿತ್ತು. ನಾನು ಪೆದ್ದಿ, ಅದನ್ನೇ ಸುದ್ದಿ ಎಂದು ಅರ್ಧ ಪುಟ ಬರೆದುಕೊಂಡು, ಮತ್ತೆ ಕಳಿಸಿ ಎಂದು ಕಡಲಾಚೆಯ ಬೋಡೊ ಕಚೇರಿಯವರ ತಲೆ ತಿಂದೆ. ಅವರು ಏನೂ ಕಳಿಸಿರಲಿಲ್ಲ.

ನಮ್ಮ ಕಚೇರಿಯ ಮಾಸ್ತರ್ ಫಾಲ್ಕ್ ಇವತ್ತು ಮೀನುಗಾರರ ಎದುರೇ ಅಂದರು: "ನೋಡ್ರಪ್ಪಾ, ನಮ್ಮ ಸಿಗ್ನೆಗೆ ದೇವರೇ ತಂತಿ ಹೊಡೀತಾನೆ!" ಎಲ್ಲರೂ ನಕ್ಕರು. ಅದರ ಮೇಲೆ ಅವರ ಪಾಠ ಬೇರೆ. ತಂತಿಯಲ್ಲಿ ಕರೆಂಟ್ ಹರಿದರೆ ಪಕ್ಕದ ಕಾಂತದ ಮುಳ್ಳು ಹೊರಳುತ್ತದೆ. ಯಾರು ಹರಿಸಿದರೆಂದು ಮುಳ್ಳಿಗೇನು ಗೊತ್ತು? ಸೂರ್ಯನಿಂದ ಎಲೆಕ್ಟ್ರಾನುಗಳು ಓಡಿ ಬರುತ್ತವಂತೆ, ಭೂಮಿಯ ಕಾಂತ ಅವನ್ನು ಬಾಗಿಸಿ ನಮ್ಮ ನೆತ್ತಿಯ ಮೇಲೆ ಹಸಿರು ಬೆಳಕಾಗಿ, ತಂತಿಯೊಳಗೆ ಕರೆಂಟಾಗಿ ಸುರಿಯುತ್ತದಂತೆ. ಸುರಿಯಲಿ. ಇನ್ನೊಮ್ಮೆ ಮಂಗ ಆಗಲಾರೆ.

9 ಫೆಬ್ರವರಿ, ಶನಿವಾರ, ಸಂಜೆ

ಮೀನುಗಾರ ಹಾರ್ತ್‌ವಿಗ್ ದೋಣಿಯಿಂದ ನೇರ ಇಲ್ಲಿಗೇ ಬಂದ. ಅವನ ತಾಯಿ ಬೋಡೊದಲ್ಲಿ ಹಾಸಿಗೆ ಹಿಡಿದಿದ್ದಾಳೆ. ಕೈಮೀರಿದರೆ ಅಕ್ಕ ತಂತಿ ಕೊಡುತ್ತಾಳೆ, ಇವನು ಸಂಜೆ ಆರು ಗಂಟೆಯ ಹಡಗು ಹತ್ತುತ್ತಾನೆ. ಮುಂದಿನ ಹಡಗು ಬುಧವಾರ.

"ಏನಾದ್ರೂ ಬಂತಾ ತಂಗೀ?"

ಹೊರಗೆ ಆಕಾಶವೆಲ್ಲ ಹಸಿರು. ಮುಳ್ಳು ಹುಚ್ಚೆದ್ದು ಹೊರಳುತ್ತಿತ್ತು. ಕಾಗದದ ಪಟ್ಟಿಯ ಮೇಲೆ ಬರೀ ಗೀರು. ನಡುವೆ ಅವನ ಹೆಸರಿನ ಮೊದಲೆರಡು ಅಕ್ಷರ ಇದ್ದಂತೆ ಕಂಡಿತು... ಮತ್ತೆ ಕಳಿಸಿ ಎಂದು ಕೇಳಬಹುದಿತ್ತು. ಮಾಸ್ತರರು ಪೈಪ್ ಸೇದುತ್ತ ನನ್ನನ್ನೇ ನೋಡುತ್ತಿದ್ದರು.

"ಏನಿಲ್ಲಣ್ಣ. ಆಕಾಶದ ಹರಟೆ."

"ಹಂಗಾದ್ರೆ ಅವ್ವ ಹುಷಾರಾಗವ್ಳೆ ಬಿಡು." ನಗುತ್ತ ಹೋದ. ಹಡಗೂ ಹೋಯಿತು.

13 ಫೆಬ್ರವರಿ, ಬುಧವಾರ

ಶನಿವಾರದಿಂದ ಕೆಟ್ಟಿದ್ದ ತಂತಿ ಇವತ್ತು ಸರಿಹೋಯಿತು. ಮೊದಲ ಸುದ್ದಿಯೇ ಹಾರ್ತ್‌ವಿಗ್‌ನ ಅಕ್ಕನದು. "ಅಮ್ಮ ಸೋಮವಾರ ಹೋದಳು. ಕೊನೆವರೆಗೂ ಬಾಗಿಲು ನೋಡುತ್ತಿದ್ದಳು. ಶನಿವಾರವೇ ತಂತಿ ಕೊಟ್ಟಿದ್ದೆ. ಯಾಕೆ ಬರಲಿಲ್ಲ?"

ಅವನ ಕೈಗೆ ಕೊಟ್ಟೆ. ಓದಿದ, ಮತ್ತೆ ಓದಿದ. ಬೈಯುತ್ತಾನೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಈ ಹಾಳು ಬೆಳಕು ತಿಂದಾಕ್ತಲ್ಲ ತಂಗೀ. ನೀನೇನ್ ಮಾಡ್ತೀಯ. ಬಂದಿದ್ರೆ ನನ್ ಕೈಗೆ ಕೊಡ್ತಿದ್ದೆ."

ಟೋಪಿ ಹಿಸುಕುತ್ತ ಕೂತ. ಮಾಸ್ತರರು ಎದ್ದು ಒಳಗೆ ಹೋದರು.

"ಅಕ್ಕಂಗೆ ಹೊಡಿ — ಶನಿವಾರ ನನಗೆ ಸುದ್ದಿ ಮುಟ್ಟಲಿಲ್ಲ, ಕ್ಷಮಿಸು ಅಂತ."

ಅದೇ ದಿನ, ಸಂಜೆ

ಅವನು ಹೋಗಿ ಎಷ್ಟೋ ಹೊತ್ತಾಯಿತು. ಆಕಾಶ ತೆಪ್ಪಗಿದೆ. ಇವತ್ತು ಯಾವ ನೆಪವೂ ಇಲ್ಲ. ಹೆಸರು ಕಂಡಿತ್ತು, ನಗುತ್ತಾರೆಂದು ಹೆದರಿ ಕೇಳಲಿಲ್ಲ — ಇಷ್ಟು ಹೇಳಲು ನಾಲಿಗೆ ಏಳಲಿಲ್ಲವಲ್ಲ. ನನ್ನ ಸುಳ್ಳನ್ನು ಅವನ ಹೆಸರಿನಲ್ಲಿ ಕಳಿಸಬೇಕು.

'ಶನಿವಾರ ನನಗೆ ಸುದ್ದಿ' ವರೆಗೆ ಹೊಡೆದೆ. ಬೋಡೊದವರು ಕೇಳುತ್ತಿದ್ದಾರೆ, ಮುಂದೆ ಏನು ಎಂದು. ಮುಂದೆ —